ಭಾವ ಹಾರ್ನ್ ಅಲ್ಲ

ಶನಿವಾರ ಬೆಳಿಗ್ಗೆ ಎಂಟೂಕಾಲಿಗೆ ಜಾಯಿಂಟಪ್ಪ ಕಾರಿನ ಬಾನೆಟ್ ಎತ್ತಿ, ಅದಕ್ಕೆ ಕಡ್ಡಿ ಸಿಕ್ಕಿಸಿ, ಹಾರ್ನಿನ ಪ್ಲಗ್ಗಿಗೆ ಎರಡು ಬೆರಳು ತಾಗಿಸಿದರು. ಎಳೆಯಲಿಲ್ಲ, ತಿರುಗಿಸಲಿಲ್ಲ, ತಾಗಿಸಿದ್ದು ಅಷ್ಟೇ. ಪ್ಲಗ್ಗು ಹಳೇ ಬಿಸ್ಕತ್ತಿನ ಹಾಗೆ ಪುಡಿಪುಡಿಯಾಗಿ ರೇಡಿಯೇಟರಿನ ಹಿಂದೆ ಉದುರಿತು. ಬೆರಳ ತುದಿಯಲ್ಲಿ ಉಳಿದದ್ದು ಎರಡು ಹಿತ್ತಾಳೆ ಪಿನ್ನು, ಎರಡು ಕಂದು ತಂತಿ.

"ಸರಿಹೋಯ್ತು," ಎಂದರು ತಮಗೆ ತಾವೇ. ಪಕ್ಕದ್ದನ್ನು ಮುಟ್ಟಿದರು. ಅದೂ ಉದುರಿತು. ಮೂರನೆಯದನ್ನು ಮುಟ್ಟಲೇ ಇಲ್ಲ, ಬರೀ ಬಗ್ಗಿ ನೋಡಿದರು. ಉಸಿರು ತಾಗಿದ್ದಕ್ಕೇ ಅದು ಬಿರುಕುಬಿಟ್ಟಿತು ಎಂದು ಅವರು ಇವತ್ತಿಗೂ ಹೇಳುತ್ತಾರೆ. ಅವರ ಹೆಂಡತಿ ಇದನ್ನು ನಂಬುವುದಿಲ್ಲ.

ಕಾರಿಗೆ ಇಪ್ಪತ್ತಾರು ವರ್ಷ. ಹಿಂದಿನ ತಿಂಗಳು ವಾಹನ ತಪಾಸಣೆಗೆ ಹೋದಾಗ ಅಧಿಕಾರಿ ಮೇಡಂ "ಹಾರ್ನ್ ಒತ್ತಿ" ಎಂದಿದ್ದರು. ಹಾರ್ನು ಒಂದು ಸಲ ಬಿಕ್ಕಿ ಸುಮ್ಮನಾಗಿತ್ತು. ಗಾಜು ತೊಳೆಯುವ ನೀರು ಬಂದಿರಲಿಲ್ಲ. ಫಾಗ್ ಲ್ಯಾಂಪು, ಒಮ್ಮೆ ಒತ್ತಿದರೆ ಉರಿಯುವುದು, ಮತ್ತೆ ಒತ್ತಿದರೆ ಆರುವುದು ಎಂಬ ಸರಳ ನಿಯಮವನ್ನೂ ಪಾಲಿಸಿರಲಿಲ್ಲ. ಮೇಡಂ ಕಾಗದದ ಮೇಲೆ ಮೂರು ಕಡೆ ಅಡ್ಡಗೀಟು ಎಳೆದು, ಸೋಮವಾರ ಹತ್ತು ಗಂಟೆಗೆ ಮತ್ತೆ ಬರಲು ಹೇಳಿದ್ದರು. ಎರಡನೇ ಸಲವೂ ಫೇಲಾದರೆ ನೋಂದಣಿ ರದ್ದು. ಆಮೇಲೆ ಆ ಕಾರು ಅಲ್ಲಿಯ ಗೇಟು ದಾಟುವುದೇನಿದ್ದರೂ ಲಾರಿಯ ಬೆನ್ನೇರಿಯೇ. ಜಾಯಿಂಟಪ್ಪನವರಿಗೆ ಇದ್ದದ್ದು ಆ ಶನಿವಾರ ಮತ್ತು ಭಾನುವಾರ.

ಅವರು ಮೂವತ್ನಾಲ್ಕು ವರ್ಷ ಟೆಲಿಫೋನ್ ಇಲಾಖೆಯಲ್ಲಿ ಕೇಬಲ್ ಜಾಯಿಂಟರ್ ಆಗಿದ್ದವರು. ರಸ್ತೆಯಡಿಯ ಗುಂಡಿಯಲ್ಲಿ ಕುಕ್ಕರುಗಾಲಲ್ಲಿ ಕೂತು, ತೋಳುದಪ್ಪದ ಕೇಬಲ್ಲಿನಿಂದ ಸಾವಿರದಿನ್ನೂರು ಜೋಡಿ ತಂತಿ ಬಿಡಿಸಿ, ಒಂದೊಂದನ್ನೂ ಅದರ ಜೊತೆಗೇ ಕೂಡಿಸುವ ಕೆಲಸ. ಅಡ್ಡಹೆಸರು ಅಲ್ಲಿಂದಲೇ ಬಂದದ್ದು. ನಿಜವಾದ ಹೆಸರು ಪಿಂಚಣಿ ಕಾಗದದಲ್ಲಿದೆ, ಬೀದಿಯಲ್ಲಿ ಯಾರಿಗೂ ಗೊತ್ತಿಲ್ಲ. ಅವರ ಹೆಂಡತಿ ಹೈಸ್ಕೂಲಿನಲ್ಲಿ ಪಾಠ ಹೇಳಿ ನಿವೃತ್ತರಾದವರು. ಬೀದಿಗೆಲ್ಲ ಅವರು ಟೀಚರ್. ಕೆಂಪು ಪೆನ್ನು ಬಿಟ್ಟು ಅವರು ಇದ್ದದ್ದೇ ಇಲ್ಲ. ಬಂದ ಮದುವೆ ಕರೆಯೋಲೆಯ ತಪ್ಪನ್ನೂ ತಿದ್ದಿಯೇ ಬೀರುವಿನೊಳಗೆ ಇಡುವವರು.

ಗುಂಡಿಯೊಳಗೆ ಕೆಲಸ ಸುಲಭವಾಗಿತ್ತು. ಟೆಲಿಫೋನ್ ತಂತಿಯ ಬಣ್ಣ ಸುಳ್ಳು ಹೇಳುವುದಿಲ್ಲ. ಕಾರಿನ ವಿಷಯ ಹಾಗಲ್ಲ. ಇಪ್ಪತ್ತಾರು ವರ್ಷ ಎಂಜಿನ್ನಿನ ಶಾಖದಲ್ಲಿ ಬೆಂದು ಕೆಂಪು, ಹಳದಿ, ಹಸಿರು ಎಲ್ಲವೂ ಒಂದೇ ಬಣ್ಣಕ್ಕೆ ತಿರುಗಿದ್ದವು. ಜಾಸ್ತಿ ಹೊತ್ತು ಕುದಿದ ಚಹಾದ ಬಣ್ಣ. ಪ್ಲಗ್ಗು ಕತ್ತರಿಸಿದ ಮೇಲೆ ಯಾವ ತಂತಿ ಯಾವುದರದ್ದು ಎಂದು ಗೊತ್ತಾಗಬೇಕಾದರೆ ಚೀಟಿ ಕಟ್ಟಲೇಬೇಕು. ಜಾಯಿಂಟಪ್ಪ ಎದುರುಮನೆ ಟೈಲರನಿಂದ ಬಿಳಿ ಬಟ್ಟೆಯ ಚೂರು ಇಸಿದುಕೊಂಡರು.

"ಎಷ್ಟು ಬೇಕು ಜಾಯಿಂಟಪ್ಪೋರೇ?" ಎಂದ ಟೈಲರ್.

"ಒಂದು ಹತ್ತು, ಹನ್ನೆರಡು. ಗಾಯ ಆದವರಿಗೆ ಪಟ್ಟಿ ಕಟ್ಟಬೇಕು."

"ಇಡೀ ಕಾರಿಗೇ ಒಂದು ಬಿಳಿ ಬಟ್ಟೆ ಹೊದಿಸಿಬಿಡಿ. ಕೆಲಸ ಮುಗಿಯುತ್ತೆ."

ಚೀಟಿಯ ಮೇಲೆ ಬೇರೆಯವರಾಗಿದ್ದರೆ ಒಂದು, ಎರಡು, ಮೂರು ಎಂದು ಬರೆಯುತ್ತಿದ್ದರು. ಜಾಯಿಂಟಪ್ಪನವರಿಗೆ ಅಂಕಿ ನೆನಪಿರುವುದಿಲ್ಲ, ಮನುಷ್ಯರು ನೆನಪಿರುತ್ತಾರೆ. ಗುಂಡಿಯಲ್ಲಿದ್ದಾಗಲೂ ತೊಂದರೆ ಕೊಡುವ ಜೋಡಿಗಳಿಗೆ ಮೇಲಧಿಕಾರಿಗಳ ಹೆಸರಿಟ್ಟು ಅಭ್ಯಾಸ. ಈಗ ಅಧಿಕಾರಿಗಳಿಲ್ಲ, ನೆಂಟರಿದ್ದರು. ಹಾಗಾಗಿ ಹಾರ್ನಿನ ತಂತಿಗೆ ಅವರು 'ಭಾವ' ಎಂದು ಬರೆದು ಕಟ್ಟಿದರು. ಟೀಚರ ಅಣ್ಣ ಫೋನಿನಲ್ಲಿ ಮಾತಾಡಿದರೆ ಫೋನು ಬೇಕಾಗುವುದಿಲ್ಲ, ಕಿಟಕಿ ತೆರೆದರೆ ಸಾಕು. ಗಾಜಿಗೆ ನೀರು ಚಿಮ್ಮಿಸುವ ಮೋಟರಿನ ತಂತಿ 'ಸೋದರತ್ತೆ', ಮಾತಿಗೆ ಮೊದಲು ಕಣ್ಣೀರು ಬರುವ ಹೆಂಗಸು. ಫಾಗ್ ಲ್ಯಾಂಪು 'ಚಿಕ್ಕಪ್ಪ'. ಅವರ ಬೋಳುತಲೆ ನೋಡಿದವರು ಕಾರಣ ಕೇಳುವುದಿಲ್ಲ. ಎಡಗಡೆಯ ಇಂಡಿಕೇಟರ್ 'ಷಡ್ಡಕ', ಸುಮ್ಮಸುಮ್ಮನೆ ಕಣ್ಣು ಮಿಟುಕಿಸುವ ಚಾಳಿಯವರು. ರೇಡಿಯೇಟರ್ ಫ್ಯಾನು 'ಅಳಿಯ', ಯಾಕೆಂದರೆ ಬಿಸಿ ತಲೆಗೇರುವತನಕ ಏಳುವುದಿಲ್ಲ. ಇದನ್ನೆಲ್ಲ ಒಂದು ಹಳೇ ನೋಟ್‌ಬುಕ್ಕಿನಲ್ಲಿ ಎದುರುಬದುರಾಗಿ ಬರೆದುಕೊಂಡರು. ಕೊನೆಗೆ ಎಂಜಿನ್ನಿನ ಬದಿಯಲ್ಲಿ ಎರಡು ಒಂಟಿ ತಂತಿ ಉಳಿದವು. ಬಿಸಿ ಎಷ್ಟಿದೆ ಎಂದು ತೋರಿಸುವ ಮುಳ್ಳಿನದೊಂದು, ಎಣ್ಣೆ ಕಡಿಮೆಯಾದರೆ ಹತ್ತಿಕೊಳ್ಳುವ ಕೆಂಪು ದೀಪದ್ದೊಂದು. ಮೊದಲನೆಯದಕ್ಕೆ 'ಇವಳು' ಎಂದೂ ಎರಡನೆಯದಕ್ಕೆ 'ನಾನು' ಎಂದೂ ಬರೆಯುವಾಗ ಅವರು ಒಮ್ಮೆ ಅಡುಗೆಮನೆಯ ಕಡೆ ನೋಡಿದರು.

ಎಲ್ಲವನ್ನೂ ಕತ್ತರಿಸಿ, ಬ್ಯಾಟರಿ ಬಿಚ್ಚಿಟ್ಟು, ಬಿಡಿಭಾಗದ ಅಂಗಡಿಗೆ ನಡೆದರು. ಅಂಗಡಿಯವನು ಗಾಜಿನ ಡಬ್ಬಿಯಿಂದ ಪ್ಲಗ್ಗು ತೆಗೆದು ಮೇಜಿನ ಮೇಲೆ ಹರಡಿದ.

"ಒಂದೊಂದು ಒಂದೊಂದು ಥರ ತಗೊಳ್ಳಿ ಸಾರ್. ಒಂದರದ್ದು ಇನ್ನೊಂದಕ್ಕೆ ಕೂರಬಾರದು, ಅದಕ್ಕೇ ಕಂಪನಿಯವರು ಬೇರೆಬೇರೆ ಮಾಡಿರೋದು."

"ಎಲ್ಲ ಒಂದೇ ಥರದ್ದು ಕೊಡಪ್ಪ. ಎರಡು ಪಿನ್ನಿಂದು ಒಂದು ಕಟ್ಟು, ಒಂಟಿ ಪಿನ್ನಿಂದು ಎರಡು ಜೊತೆ. ಗಂಡು, ಹೆಣ್ಣು ಎರಡೂ."

"ಅದಲುಬದಲು ಆದ್ರೆ?"

"ಸಾವಿರದಿನ್ನೂರು ಜೋಡಿ ಕೂಡಿಸಿದ ಕೈ ಇದು. ಕತ್ತಲಲ್ಲಿ, ಮೊಣಕಾಲುದ್ದ ನೀರಲ್ಲಿ. ಏಳೆಂಟು ತಂತಿಗೆ ನಂಗೆ ಅದಲುಬದಲಾ?"

ಅಂಗಡಿಯವನು ಮೇಜಿನ ಮೇಲೆ ಹರಡಿದ್ದನ್ನೆಲ್ಲ ಮತ್ತೆ ಡಬ್ಬಿಗೆ ತುಂಬಿದ. ಕೇಳಿದ್ದನ್ನು ಪೊಟ್ಟಣ ಕಟ್ಟಿಕೊಟ್ಟ.

ಆ ಹೊತ್ತಿಗೆ ಮನೆಯಲ್ಲಿ ಟೀಚರ್ ಚಹಾದ ಲೋಟ ಹಿಡಿದು ಹೊರಗೆ ಬಂದಿದ್ದರು. ಗಂಡ ಇರಲಿಲ್ಲ. ತೆರೆದ ಬಾನೆಟ್ಟಿನೊಳಗೆ ಬಿಳಿ ಚೀಟಿಗಳು ತೂಗುತ್ತಿದ್ದವು, ಬ್ಯಾಟರಿಯ ಮೇಲೆ ನೋಟ್‌ಬುಕ್ಕು ತೆರೆದೇ ಬಿದ್ದಿತ್ತು. ನೋಟ್‌ಬುಕ್ಕು ಕಂಡ ಮೇಲೆ ಟೀಚರ್ ಓದದೆ ಇರುವುದುಂಟೇ? ನಿಂತಲ್ಲೇ ಎರಡು ಸಲ ಓದಿದರು. ಚಹಾವನ್ನು ತಾವೇ ಕುಡಿದರು. ಒಳಗೆ ಹೋಗಿ ಕೆಂಪು ಪೆನ್ನು ತಂದರು. ಜಾಯಿಂಟಪ್ಪ ವಾಪಸು ಬರುವ ವೇಳೆಗೆ ಅವರು ಜಗಲಿಯ ಮೇಲೆ ಪತ್ರಿಕೆ ಹಿಡಿದು ಕೂತಿದ್ದರು. ಮುಖ ಮಾತ್ರ ಪರೀಕ್ಷಾ ಕೊಠಡಿಯಿಂದ ಈಗಷ್ಟೇ ಬಂದವರ ಹಾಗಿತ್ತು.

ಜಾಯಿಂಟಪ್ಪ ಸಂಜೆಯವರೆಗೆ ಬಾನೆಟ್ಟಿನೊಳಗೇ ಇದ್ದರು. ತಂತಿಯ ತುದಿ ಸುಲಿಯುವುದು, ಪುಟ್ಟ ರಬ್ಬರ್ ಬಿರಡೆ ಏರಿಸುವುದು, ಪಿನ್ನು ಸಿಕ್ಕಿಸಿ ಇಕ್ಕಳದಿಂದ ಒತ್ತುವುದು, ಆಮೇಲೆ ಪ್ಲಗ್ಗಿನ ಹಿಂಬದಿಯಿಂದ 'ಟಕ್' ಎನ್ನುವತನಕ ತಳ್ಳುವುದು. ಮೂರು ಸಲ ರಬ್ಬರ್ ಬಿರಡೆ ಮರೆತು ಪಿನ್ನು ಒತ್ತಿಬಿಟ್ಟು, ಕತ್ತರಿಸಿ, ಮೊದಲಿಂದ ಶುರುಮಾಡಿದರು. ಮೂರು ಸಲವೂ ಬಿರಡೆ ತಯಾರಿಸಿದವರನ್ನು ಬೈದರು. ತಂತಿ ಸುಲಿಯುವ ಇಕ್ಕಳವನ್ನು ಹಲ್ಲಲ್ಲಿ ಕಚ್ಚಿಕೊಂಡು ಎರಡೂ ಕೈ ಒಳಗೆ ಹಾಕಿದ್ದಾಗ ಟೀಚರ್ ಹಿಂದೆ ಬಂದು ನಿಂತರು.

"ರೀ, ನಿಮ್ಮ ಬುಕ್ಕಲ್ಲಿ ಸ್ವಲ್ಪ ತಪ್ಪಿತ್ತು. ತಿದ್ದಿದೀನಿ. ಚೀಟೀನೂ ಅದಕ್ಕೆ ಸರಿಯಾಗಿ ಬದಲಾಯಿಸಿ ಕಟ್ಟಿದೀನಿ. ಒಂದ್ಸಲ ನೋಡ್ಕೊಳ್ಳಿ."

"ಹ್ಞೂಂ," ಎಂದರು ಜಾಯಿಂಟಪ್ಪ.

"ಆಯ್ತಾ?"

"ಹ್ಞೂಂ."

ಹಲ್ಲಲ್ಲಿ ಇಕ್ಕಳ ಕಚ್ಚಿಕೊಂಡ ಮನುಷ್ಯ ಬೇರೇನು ಹೇಳಲು ಸಾಧ್ಯ? ಅವರಿಗೆ ಏನೂ ಕೇಳಿಸಿರಲಿಲ್ಲ. ಗುಂಡಿಯಲ್ಲಿ ತಲೆ ಹಾಕಿದಾಗ ಮೇಲಿನವರ ಮಾತಿಗೆಲ್ಲ ಹ್ಞೂಂ ಅನ್ನುವುದು ಮೂವತ್ನಾಲ್ಕು ವರ್ಷದ ರೂಢಿ. ನೋಟ್‌ಬುಕ್ಕನ್ನು ಅವರು ಮುಟ್ಟಲಿಲ್ಲ. ಬರೆದವರು ತಾವೇ, ಹೆಸರಿಟ್ಟವರು ತಾವೇ, ಮತ್ತೆ ನೋಡುವುದೇನಿದೆ? ಭಾವನನ್ನು ಹಾರ್ನಿಗೆ, ಸೋದರತ್ತೆಯನ್ನು ನೀರಿಗೆ, ಚಿಕ್ಕಪ್ಪನನ್ನು ದೀಪಕ್ಕೆ ಕೂಡಿಸಿದರು. ಎಲ್ಲವೂ ಟಕ್ ಟಕ್ ಎಂದು ಕೂತವು. ಆ ರಾಗ ಕೇಳಿ ಅವರಿಗೆ ಕೆಲಸಕ್ಕೆ ವಾಪಸು ಹೋದಷ್ಟು ಖುಷಿಯಾಯಿತು.

ಭಾನುವಾರ ಹತ್ತು ಗಂಟೆಗೆ ಪರೀಕ್ಷೆ. ಟೈಲರ್ ಕತ್ತರಿ ಕೆಳಗಿಟ್ಟು ಬಂದು ಕಾರಿನ ಮುಂದೆ ನಿಂತ, ಯಾವ ದೀಪ ಉರಿಯಿತು ಎಂದು ಕೂಗಿ ಹೇಳಲು. ಟೀಚರ್ ಜಗಲಿಯ ಮೇಲೆ. ಜಾಯಿಂಟಪ್ಪ ಬ್ಯಾಟರಿ ಕೂಡಿಸಿ, ಸೀಟಿನಲ್ಲಿ ಕೂತು, ಕೀ ತಿರುಗಿಸಿದರು. ಎಂಜಿನ್ ಒಂದೇ ಸಲಕ್ಕೆ ಹೊರಟಿತು.

"ಮೊದಲು ಹಾರ್ನ್!" ಎಂದು ಕೂಗಿ, ಸ್ಟೀರಿಂಗಿನ ನಡುವೆ ಅಂಗೈ ಊರಿದರು.

ಸದ್ದಿಲ್ಲ. ಬದಲಿಗೆ ಬಾನೆಟ್ಟಿನ ಮೇಲಿಂದ ಎರಡು ನೀರಿನ ಎಳೆ ಚಿಮ್ಮಿದವು. ಹಳೇ ಕಾರು, ನೀರಿನ ಮೂತಿ ಎಂದೋ ತಿರುಚಿಕೊಂಡಿತ್ತು. ಒಂದು ಎಳೆ ಗಾಜಿಗೆ ಬಿತ್ತು, ಇನ್ನೊಂದು ನೇರ ಟೈಲರನ ಎದೆಗೆ.

"ಏನ್ರೀ ಇದು!"

"ಹಾರ್ನ್ ಬಂತಾ?"

"ಹಾರ್ನ್ ಬರ್ಲಿಲ್ಲ, ನೀರು ಬಂತು!"

"ಇರು, ಇರು," ಎಂದು ಜಾಯಿಂಟಪ್ಪ ಅವಸರದಲ್ಲಿ ಸ್ಟೀರಿಂಗಿನ ಬದಿಯ ನೀರಿನ ಕಡ್ಡಿ ಎಳೆದರು. ಫಾಗ್ ಲ್ಯಾಂಪು ಹತ್ತಿಕೊಂಡಿತು. ಫಾಗ್ ಲ್ಯಾಂಪಿನ ಗುಂಡಿ ಒತ್ತಿದರು. ಆಗ ಹಾರ್ನು ಬಾಯಿಬಿಟ್ಟಿತು. ಗುಂಡಿ ಒತ್ತಿದರೆ ಒಳಗೇ ಉಳಿಯುವಂಥದ್ದು, ಹಾಗಾಗಿ ಹಾರ್ನೂ ನಿಲ್ಲಲಿಲ್ಲ. ಬೀದಿಯ ನಾಲ್ಕು ಬಾಗಿಲು ತೆರೆದವು. ಗಾಬರಿಯಲ್ಲಿ ಜಾಯಿಂಟಪ್ಪ ಎಲ್ಲರೂ ಮಾಡುವುದನ್ನೇ ಮಾಡಿದರು. ಹಾರ್ನು ನಿಲ್ಲಿಸಲು ಹಾರ್ನಿನ ಮೇಲೆ ಗುದ್ದಿದರು. ಟೈಲರನಿಗೆ ಇನ್ನೊಂದು ಎಳೆ ನೀರು ಬಿತ್ತು.

"ದೀಪದ ಗುಂಡಿ ಆರಿಸ್ರೀ!" ಎಂದು ಟೀಚರ್ ಜಗಲಿಯಿಂದ ಕೂಗಿದರು. "ನೀವು ಬುಕ್ಕು ನೋಡಿಲ್ಲ ತಾನೇ?"

ಗುಂಡಿ ಆರಿತು. ಬೀದಿ ನಿಶ್ಶಬ್ದವಾಯಿತು. ಜಾಯಿಂಟಪ್ಪ ಕಿಟಕಿಯಿಂದ ತಲೆ ಹೊರಹಾಕಿದರು.

"ಯಾವ ಬುಕ್ಕು?"

ಟೀಚರ್ ನೋಟ್‌ಬುಕ್ಕು ತಂದು ಮುಂದೆ ಹಿಡಿದರು. ಅವರ ಬರಹದ ಮೇಲೆಲ್ಲ ಕೆಂಪು. 'ಭಾವ' ಎಂಬುದನ್ನು ಹಾರ್ನಿನ ಎದುರಿಂದ ಹೊಡೆದುಹಾಕಿ ಫಾಗ್ ಲ್ಯಾಂಪಿನ ಎದುರು ಬರೆದಿತ್ತು. ಹಾರ್ನಿಗೆ ಸೋದರತ್ತೆ ಬಂದಿದ್ದರು. ನೀರಿನ ಮೋಟರಿಗೆ ಚಿಕ್ಕಪ್ಪ. ಪ್ರತಿ ತಿದ್ದುಪಡಿಗೂ ದಿನಾಂಕ, ಪುಟ್ಟ ಸಹಿ.

"ಇದೇನೇ ಇದು? ನೆಂಟರನ್ನೆಲ್ಲ ವರ್ಗಾವಣೆ ಮಾಡಿದೀಯಾ?"

"ಮತ್ತೆ? ನಮ್ಮಣ್ಣ ಹಾರ್ನಾ? ಬುಧವಾರ ಅವನು ಬರ್ತಾನೆ. ಬಾನೆಟ್ ಎತ್ತಿ ನೋಡಿದ್ರೆ ಏನು ಹೇಳ್ಲಿ? ನಮ್ಮ ಮನೇಗೆ ದೀಪ ಅಂದ್ರೆ ಅವನೇ. ಕಿರಿಚೋದೇನಿದ್ರೂ ನಿಮ್ಮ ಸೋದರತ್ತೆ. ಅಳೋದು ನಿಮ್ಮ ಚಿಕ್ಕಪ್ಪ. ಕೇರಮ್ ಆಟದಲ್ಲಿ ಸೋತು ಅತ್ತಿದ್ದನ್ನ ನಾನೇ ಕಣ್ಣಾರೆ ಕಂಡಿದೀನಿ."

"ಅದಕ್ಕೆ ಚೀಟಿ ಬದಲಾಯಿಸೋದಾ?"

"ಚೀಟೀನೂ ಬದಲಾಯಿಸಿದೆ, ಬುಕ್ಕಲ್ಲೂ ತಿದ್ದಿದೆ. ಎರಡೂ ಸರಿಯಾಗಿದೆ, ತಾಳೆ ನೋಡ್ಕೊಳ್ಳಿ. ನಿಮಗೆ ಹೇಳ್ದೆ, ಹ್ಞೂಂ ಅಂದ್ರಿ. ಎರಡ್ಸಲ ಹ್ಞೂಂ ಅಂದ್ರಿ. ತಾನೇ ಬರೆದ ಉತ್ತರ ತಾನೇ ಓದದೆ ಇರೋ ವಿದ್ಯಾರ್ಥೀನ ನಾನು ಇದುವರೆಗೂ ನೋಡಿರಲಿಲ್ಲ."

ಜಾಯಿಂಟಪ್ಪ ಕಾರಿನಿಂದ ಕೆಳಗಿಳಿದರು. ಮೇಲಿನ ಮೂರು ಸಾಲು ತಾಳೆ ನೋಡಿದರು. ಒಂದು ಕೊಂಬಾಗಲಿ ಇಳಿಯಾಗಲಿ ತಪ್ಪಿರಲಿಲ್ಲ. ತಪ್ಪು ಯಾರದು ಎಂಬ ಪ್ರಶ್ನೆಯನ್ನು ಅವರು ಟೈಲರನ ಕಡೆ ತಿರುಗಿಸಿದರು.

"ನನ್ನ ಕೇಳ್ಬೇಡಿ," ಎಂದ ಟೈಲರ್ ಅಂಗಿ ಹಿಂಡುತ್ತ. "ನಂಗೆ ನಿಮ್ಮ ಸೋದರತ್ತೆ ಮೇಲೂ ಸಿಟ್ಟಿದೆ, ಚಿಕ್ಕಪ್ಪನ ಮೇಲೂ ಸಿಟ್ಟಿದೆ."

ಪ್ಲಗ್ಗುಗಳೆಲ್ಲ ಒಂದೇ ಥರದ್ದಾದ್ದರಿಂದ ತಂತಿಯಿಂದ ಅವನ್ನು ಕಳಚುವ ಅಗತ್ಯವೇನೂ ಇರಲಿಲ್ಲ. ಟೀಚರ್ ಪುಸ್ತಕ ನೋಡಿ ಗಟ್ಟಿಯಾಗಿ ಓದುತ್ತ ಹೋದರು, ಜಾಯಿಂಟಪ್ಪ ಒಂದೊಂದನ್ನೂ ಬಿಡಿಸಿ ಸರಿಯಾದ ಜಾಗಕ್ಕೆ ಸಿಕ್ಕಿಸುತ್ತ ಬಂದರು.

"ಹಾರ್ನಿಗೆ ಸೋದರತ್ತೆ."

ಟಕ್.

"ನೀರಿಗೆ ಚಿಕ್ಕಪ್ಪ. ದೀಪಕ್ಕೆ ನಮ್ಮಣ್ಣ. ಷಡ್ಡಕರು ಇದ್ದಲ್ಲೇ ಇರಲಿ, ಅವರು ಕಣ್ಣು ಹೊಡೆಯೋದು ನಿಜಾನೇ. ಅಳಿಯಂದ್ರೂ ಇರಲಿ."

ಅಳಿಯನ ವಿಷಯದಲ್ಲಿ ಗಂಡ ಹೆಂಡತಿಗೆ ಮೊದಲಿಂದಲೂ ಒಮ್ಮತ.

ಪುಟದ ಕೆಳಗೆ ಇನ್ನೆರಡು ಸಾಲಿದ್ದವು. ಟೀಚರ ಬೆರಳು ಅಲ್ಲಿಗೆ ಬಂದು ನಿಂತಿತು. ಅವರು ಟೈಲರನ ಕಡೆ ನೋಡಿದರು. ಟೈಲರ್ ಕಿವಿ ನಿಮಿರಿಸಿ ನಿಂತಿದ್ದ. ಟೀಚರ್ ಪುಸ್ತಕ ಮುಚ್ಚಿದರು.

"ಅಷ್ಟೇನಾ?" ಎಂದರು ಜಾಯಿಂಟಪ್ಪ.

"ಅಷ್ಟೇ."

ಮತ್ತೆ ಪರೀಕ್ಷೆಯಾಯಿತು. ಹಾರ್ನು ಒತ್ತಿದರೆ ಹಾರ್ನು, ನೀರು ಎಂದರೆ ನೀರು, ದೀಪ ಎಂದರೆ ದೀಪ. ಟೈಲರ್ ಈ ಸಲ ಕೊಡೆ ಹಿಡಿದು ನಿಂತಿದ್ದ. ಐದು ನಿಮಿಷದಲ್ಲಿ ಎಂಜಿನ್ ನಿಲ್ಲಿಸಿ ಜಾಯಿಂಟಪ್ಪ ಬಾನೆಟ್ ಮುಚ್ಚಿದರು.

ಸೋಮವಾರ ಒಂಬತ್ತೂಕಾಲಿಗೆ ಇಬ್ಬರೂ ಹೊರಟರು. ಪುಸ್ತಕ ಟೀಚರ ಕೈಚೀಲದಲ್ಲಿತ್ತು. ಎರಡು ಸಿಗ್ನಲ್ ದಾಟುವವರೆಗೆ ಎಲ್ಲ ಚೆನ್ನಾಗಿತ್ತು. ಮೂರನೆಯದರಲ್ಲಿ ನಿಂತಾಗ ಜಾಯಿಂಟಪ್ಪ ಸ್ಟೀರಿಂಗಿನ ಹಿಂದೆ ಕಣ್ಣು ಹಾಯಿಸಿ ಗಕ್ಕನೆ ಉಸಿರು ಹಿಡಿದರು. ಎಣ್ಣೆಯ ಕೆಂಪು ದೀಪ ಮಿಣಮಿಣ ಉರಿಯುತ್ತಿತ್ತು.

"ಆಯಿಲ್ ಹೋಯ್ತು! ಎಂಜಿನ್ ಹೋಯ್ತು!"

ಕಾರನ್ನು ಬದಿಗೆ ನಿಲ್ಲಿಸಿ, ಅಳತೆಕಡ್ಡಿ ಎಳೆದು ನೋಡಿದರು. ಎಣ್ಣೆ ಗೆರೆಯ ಮಟ್ಟಕ್ಕೆ ಇತ್ತು. ಕಡ್ಡಿ ಒರೆಸಿ ಮತ್ತೆ ನೋಡಿದರು. ಆಗಲೂ ಇತ್ತು. ಬಿಸಿ ತೋರಿಸುವ ಮುಳ್ಳು ನೋಡಿದರೆ ತಣ್ಣಗೆ ಮಲಗಿತ್ತು. ಐದು ಕಿಲೋಮೀಟರ್ ಓಡಿದ ಎಂಜಿನ್, ಮುಳ್ಳು ಮಾತ್ರ ಇನ್ನೂ ಹಾಸಿಗೆಯಿಂದ ಏಳದವರ ಹಾಗೆ. ಟೀಚರ್ ಕೈಚೀಲವನ್ನು ಎದೆಗವುಚಿಕೊಂಡು ಎದುರಿನ ರಸ್ತೆಯನ್ನೇ ನೋಡುತ್ತಿದ್ದರು. ಎಣ್ಣೆಯಂತೂ ಇದೆ ಎಂದು ಧೈರ್ಯ ಮಾಡಿ ಹಾಗೇ ಮುಂದೆ ಹೊರಟರು. ತಪಾಸಣೆಯ ಶೆಡ್ಡಿನ ಹೊರಗೆ ಸರದಿಯಲ್ಲಿ ನಿಂತಾಗ ಮುಂದೆ ಇದ್ದದ್ದು ಎರಡೇ ವಾಹನ, ಒಂದು ಸಣ್ಣ ಟ್ರಕ್ಕು, ಒಂದು ಶಾಲಾ ವ್ಯಾನು. ದೀಪ ಈಗ ಚೆನ್ನಾಗಿಯೇ ಉರಿಯುತ್ತಿತ್ತು.

"ಇಷ್ಟು ಮಾಡಿ ಈ ದೀಪದಿಂದ ಫೇಲಾಗೋ ಹಾಗಾಯ್ತಲ್ಲೇ," ಎಂದರು ಜಾಯಿಂಟಪ್ಪ. ದನಿ ಸಣ್ಣಗಾಗಿತ್ತು. "ಇನ್ನು ಇದನ್ನ ಲಾರೀಲೇ ಮನೆಗೆ ಕಳಿಸ್ಬೇಕು."

"ರೀ," ಎಂದರು ಟೀಚರ್.

"ಏನು?"

"ಇನ್ನೂ ಒಂದು ತಿದ್ದುಪಡಿ ಇದೆ."

ಜಾಯಿಂಟಪ್ಪ ತಿರುಗಿ ನೋಡಿದರು.

"ನಿನ್ನೆ ಆ ಟೈಲರ್ ಮುಂದೆ ಹೇಗೆ ಓದ್ಲಿ? ಮನೆ ಒಳಗಿನ ಮಾತು." ಟೀಚರ್ ಪುಸ್ತಕ ತೆಗೆದು ಬೆರಳಿಟ್ಟು ತೋರಿಸಿದರು. 'ಇವಳು: ಬಿಸಿಯ ಮುಳ್ಳು' ಎಂಬುದರ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಬರೆದಿತ್ತು: 'ತಪ್ಪು. ಬಿಸಿಯಾಗುವವರು ಅವರು. ಎಚ್ಚರಿಕೆ ಕೊಡುವವಳು ನಾನು. ಅದಲುಬದಲು ಮಾಡಿದೆ.'

ಜಾಯಿಂಟಪ್ಪ ಅದನ್ನು ಓದಿ, ದೀಪ ನೋಡಿ, ಮುಳ್ಳು ನೋಡಿ, ಹೆಂಡತಿಯನ್ನು ನೋಡಿದರು. ಮುಳ್ಳಿಗೆ ಹೋಗಬೇಕಾದದ್ದು ದೀಪಕ್ಕೆ, ದೀಪಕ್ಕೆ ಹೋಗಬೇಕಾದದ್ದು ಮುಳ್ಳಿಗೆ. ಎಂಜಿನ್ ಬಿಸಿಯಾದಷ್ಟೂ ದೀಪ ಉರಿಯದೆ ಏನು ಮಾಡೀತು? ಎಂಜಿನ್ನಿಗೆ ಏನೂ ಆಗಿರಲಿಲ್ಲ.

ಟ್ರಕ್ಕು ಶೆಡ್ಡಿನೊಳಗೆ ಹೋಯಿತು. ಜಾಯಿಂಟಪ್ಪ ಕೆಳಗಿಳಿದು, ಬಾನೆಟ್ ಎತ್ತಿ, ಬಿಸಿ ಎಂಜಿನ್ನಿನ ಬದಿಗೆ ಕೈ ತೂರಿಸಿ, ಎರಡು ಒಂಟಿ ಪಿನ್ನಿನ ಪ್ಲಗ್ಗು ಎಳೆದು, ಇದರ ಜಾಗಕ್ಕೆ ಅದನ್ನು, ಅದರ ಜಾಗಕ್ಕೆ ಇದನ್ನು ತಳ್ಳಿದರು. ಟಕ್. ಟಕ್. ಅಂಗಡಿಯವನ ಮಾತು ಕೇಳಿ ಬೇರೆಬೇರೆ ಥರದ್ದು ತಂದಿದ್ದರೆ ಇದು ಆ ಹೊತ್ತಿನಲ್ಲಿ ಆಗುವ ಕೆಲಸವಾಗಿರಲಿಲ್ಲ. ಈ ಮಾತನ್ನು ಅವರು ಆಮೇಲೆ ಅಂಗಡಿಯವನಿಗೆ ಹೇಳಿಯೂ ಬಂದರು. ಮಣಿಕಟ್ಟು ಎರಡು ಕಡೆ ಸುಟ್ಟದ್ದನ್ನು ಮಾತ್ರ ಹೇಳಲಿಲ್ಲ.

"ಇದೇನಿದು ಚೀಟಿ?"

ಅಧಿಕಾರಿ ಮೇಡಂ ಹಿಂದೆ ನಿಂತಿದ್ದರು. ಕೈಯಲ್ಲಿ ಹಲಗೆ, ಹಲಗೆಯ ಮೇಲೆ ಹಿಂದಿನ ತಿಂಗಳ ಮೂರು ಅಡ್ಡಗೀಟಿನ ಕಾಗದ.

"ಗುರುತಿಗೆ, ಮೇಡಂ," ಎಂದರು ಜಾಯಿಂಟಪ್ಪ.

"ಷಡ್ಡಕ ಅಂದ್ರೆ ಯಾವುದು?"

"ಎಡಗಡೆ ಇಂಡಿಕೇಟರ್."

ಮೇಡಂ ಟೀಚರ ಕೈಯಿಂದ ಪುಸ್ತಕ ಇಸಿದುಕೊಂಡು, ಕನ್ನಡಕ ಹಾಕಿ, ಪುಟವನ್ನು ಮೇಲಿಂದ ಕೆಳಗಿನವರೆಗೆ ಓದಿದರು. ಅವರ ಮುಖದಲ್ಲಿ ಏನೂ ಕಾಣಲಿಲ್ಲ. ಆಮೇಲೆ ಕಾರನ್ನು ಶೆಡ್ಡಿನೊಳಗೆ ತರಿಸಿ, ಹಲಗೆಯ ಮೇಲೆ ಪುಸ್ತಕವನ್ನೇ ಇಟ್ಟುಕೊಂಡು ಕೂಗಲು ಶುರುಮಾಡಿದರು.

"ಸೋದರತ್ತೆ?"

ಹಾರ್ನು ಶೆಡ್ಡಿನ ತಗಡು ನಡುಗುವಂತೆ ಕೂಗಿತು.

"ಚಿಕ್ಕಪ್ಪ?"

ನೀರು ಚಿಮ್ಮಿತು. ಒಂದು ಎಳೆ ಗಾಜಿಗೆ, ಇನ್ನೊಂದು ಮೇಡಂ ಪಕ್ಕದ ಗೋಡೆಗೆ.

"ಅಳೋದು ಜಾಸ್ತಿ ಇದೆ, ಮೂತಿ ತಿರುಗಿಸ್ಕೊಳ್ಳಿ. ಭಾವ?"

ಫಾಗ್ ಲ್ಯಾಂಪು ಹತ್ತಿಕೊಂಡಿತು. ಟೀಚರ್ ಪಕ್ಕದ ಸೀಟಿನಲ್ಲಿ ಬೆನ್ನು ನೇರ ಮಾಡಿದರು. ಷಡ್ಡಕರು ಕಣ್ಣು ಮಿಟುಕಿಸಿದರು. ಅಳಿಯ ಏಳಲು ಸ್ವಲ್ಪ ತಡಮಾಡಿದ, ಮೇಡಂ ಕಾದರು, ಎದ್ದ. ಕೊನೆಗೆ ಅವರು ಕಿಟಕಿಯೊಳಗೆ ಬಗ್ಗಿ, ಕೆಂಪು ದೀಪ ಆರಿರುವುದನ್ನೂ ಮುಳ್ಳು ನಡುವಿಗೆ ಬಂದು ನಿಂತಿರುವುದನ್ನೂ ನೋಡಿಕೊಂಡರು.

"ಯಾರು ಬಿಸಿ ಅನ್ನೋದು ಮನೇಲಿ ತೀರ್ಮಾನ ಮಾಡ್ಕೊಳ್ಳಿ. ಕಾರು ಸರಿಯಿದೆ."

ಎರಡು ವರ್ಷದ ಮುದ್ರೆ ಬಿತ್ತು. ಮುದ್ರೆಯ ಕೆಳಗೆ ಮೇಡಂ ಒಂದು ಷರತ್ತನ್ನೂ ಬರೆದರು. ತಂತಿಗಳ ಬಣ್ಣ ಗುರುತು ಸಿಗುವಂತಿಲ್ಲ. ಆದ್ದರಿಂದ ಚೀಟಿಗಳನ್ನು ಬಿಚ್ಚಬಾರದು, ವಿವರದ ಪುಸ್ತಕ ಸದಾ ವಾಹನದಲ್ಲೇ ಇರಬೇಕು. ಅದರಲ್ಲಿ ಒಂದು ಕಾಗುಣಿತದ ತಪ್ಪಿತ್ತು. ಟೀಚರ್ ಪೆನ್ನು ತೆಗೆಯುವ ಮೊದಲೇ ಜಾಯಿಂಟಪ್ಪ ಕಾಗದವನ್ನು ಮಡಚಿ ಜೇಬಿಗಿಟ್ಟರು.

ಪುಸ್ತಕ ಈಗ ಮುಂದಿನ ಸೀಟಿನ ಎದುರಿನ ಪೆಟ್ಟಿಗೆಯಲ್ಲಿದೆ. ಆ ಪೆಟ್ಟಿಗೆಯ ಚಿಲಕ ಮುರಿದು ಎಂಟು ವರ್ಷವಾಯಿತು, ಸಣ್ಣ ಹಳ್ಳ ಸಿಕ್ಕರೂ ಮುಚ್ಚಳ ತೆರೆದು ಒಳಗಿದ್ದದ್ದು ಕೂತವರ ಮಡಿಲಿಗೆ ಬೀಳುತ್ತದೆ. ಬುಧವಾರ ಹನ್ನೊಂದೂವರೆಯ ರೈಲಿಗೆ ಭಾವ ಬರುತ್ತಾರೆ. ಜಾಯಿಂಟಪ್ಪ ಅವರನ್ನು ಕರೆತರಲು ಅದೇ ಕಾರಿನಲ್ಲಿ ಹೋಗುತ್ತಾರೆ. ಭಾವ ಯಾವಾಗಲೂ ಮುಂದಿನ ಸೀಟಿನಲ್ಲೇ ಕೂರುವುದು.